ಹೊಲದ ದಾರಿಯ ಮೋಟಾರು ಸೈಕಲ್ಲಿಗೆ ಯಾವ ಎಣ್ಣೆ?

ಎತ್ತಿನ ಬಂಡಿಯ ಕಾಲದಲ್ಲಿ ಒಕ್ಕಲುತನದ ಮನೆಗಳಿಗೆ ಎಣ್ಣೆಯ ವಿಷಯದಲ್ಲಿ ಸಂದೇಹವಿರಲಿಲ್ಲ. ಔಡಲೆಣ್ಣೆಗೆ ಹುಲ್ಲಿನ ಕರಿ ಬೆರೆಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಬಂಡಿಯ ಅಡಿಯಲ್ಲಿ ಕಟ್ಟಿರುತ್ತಿದ್ದರು. ಅಚ್ಚು ಕಿರುಗುಟ್ಟಿದರೆ ಗಾಲಿ ಕಳಚಿ ಆ ಕೀಲೆಣ್ಣೆಯನ್ನು ಸವರುತ್ತಿದ್ದರು. ಒಂದು ಅಚ್ಚು, ಒಂದು ಎಣ್ಣೆ. ಅಲ್ಲಿಗೆ ಮಾತು ಮುಗಿಯಿತು. ಇಂದು ಅದೇ ಮನೆಗಳ ಅಂಗಳದಲ್ಲಿ ಟ್ರ್ಯಾಕ್ಟರು, ಸ್ಕೂಟರು, ಮೋಟಾರು ಸೈಕಲ್ಲು ಮೂರೂ ನಿಂತಿರುತ್ತವೆ. ಅವುಗಳ ಎಣ್ಣೆಯ ಡಬ್ಬಿಗಳೆಲ್ಲ ಒಂದೇ ಮಾಡದಲ್ಲಿ ಸಾಲಾಗಿ ಕುಳಿತಿರುತ್ತವೆ. ಯಾವುದು ಯಾವುದಕ್ಕೆ ಎಂಬುದು ಮಿಸ್ತ್ರಿಗೆ ಬಿಟ್ಟ ಮಾತು ಎಂದು ಹಿರಿಯರು ಸುಮ್ಮನಾಗುತ್ತಾರೆ.

ಹಾವೇರಿ ಜಿಲ್ಲೆಯ ಓದುಗ ಬಂಧುಗಳೊಬ್ಬರು ಈ ಕುರಿತು ನಮಗೆ ದೀರ್ಘ ಪತ್ರ ಬರೆದಿದ್ದಾರೆ. ಹತ್ತಿ ಮಾರಿದ ಹಣದಲ್ಲಿ ಮಗನಿಗೆ ಕಚ್ಚಾ ರಸ್ತೆಗೆ ಒಗ್ಗುವ ಎತ್ತರದ ಬೈಕೊಂದನ್ನು ಕೊಡಿಸಿದ್ದಾರೆ. ಹುಡುಗರು ‘ಆಫ್‌ರೋಡ್ ಬೈಕು’ ಎನ್ನುವ ಜಾತಿಯದು. ವಾರದ ದಿನಗಳಲ್ಲಿ ಅದು ಎರೆಹೊಲದ ದಾರಿಯಲ್ಲಿ ಓಡುತ್ತದೆ. ಬಿಡುವಿನಲ್ಲಿ ಗೆಳೆಯರೊಡನೆ ಮಲೆನಾಡಿನ ಕಡೆಗೆ ಹೋಗುತ್ತದೆ. ಇತ್ತೀಚೆಗೆ ಘಟ್ಟದ ಏರಿನಲ್ಲಿ ಎಂಜಿನ್ನು ಅರಚುತ್ತದೆ, ಗಾಡಿ ಮಾತ್ರ ಏರುವುದಿಲ್ಲವಂತೆ. ಊರ ಮಿಸ್ತ್ರಿ ‘ಮನೆಯಲ್ಲಿ ಟ್ರ್ಯಾಕ್ಟರಿನ ಎಣ್ಣೆ ಇದೆಯಲ್ಲ, ಅದನ್ನೇ ಹಾಕಿ’ ಎನ್ನುತ್ತಾನೆ. ಪೇಟೆಯ ಅಂಗಡಿಯವರು ಕಾರಿಗೆ ಹಾಕುವ ಅತಿ ಬೆಲೆಯ ಸಿಂಥೆಟಿಕ್ ಎಣ್ಣೆಯನ್ನು ಒಮ್ಮೆ ಕೊಟ್ಟದ್ದೂ ಉಂಟು. ‘ಯಾರ ಮಾತು ನಂಬಬೇಕು? ಕೆಸರಿನ ಇಳಿಜಾರಿನಲ್ಲಿ ಮಗ ಬಿದ್ದರೆ ಗತಿಯೇನು?’ ಎಂಬುದು ಅವರ ಪ್ರಶ್ನೆ. ಪ್ರಶ್ನೆಯ ಎರಡನೆಯ ಭಾಗವೇ ಮುಖ್ಯವಾದುದೆಂದು ನಾವು ಬಗೆಯುತ್ತೇವೆ. ಎಣ್ಣೆ ಕೆಟ್ಟು ಎಂಜಿನ್ನು ಹಿಡಿದುಕೊಂಡರೆ ಹಿಂದಿನ ಗಾಲಿ ಓಡುತ್ತಿರುವಾಗಲೇ ನಿಂತುಬಿಡುತ್ತದೆ. ಅದು ಹಣದ ನಷ್ಟವಷ್ಟೇ ಅಲ್ಲ.

ಮೊದಲು ಒಂದು ಮೂಲ ಸಂಗತಿಯನ್ನು ತಿಳಿಯತಕ್ಕದ್ದು. ಸಾಮಾನ್ಯ ಗೇರಿನ ಕಾರಿನಲ್ಲಿ ಎಂಜಿನ್ನಿಗೆ ಒಂದು ಎಣ್ಣೆ, ಗೇರು ಪೆಟ್ಟಿಗೆಗೆ ಇನ್ನೊಂದು ಎಣ್ಣೆ. ಕ್ಲಚ್ಚು ಇವೆರಡರ ನಡುವೆ ಒಣಗಿ ಕುಳಿತಿರುತ್ತದೆ. ಇಂದಿನ ಬಹುತೇಕ ನಾಲ್ಕು ಸ್ಟ್ರೋಕಿನ ಮೋಟಾರು ಸೈಕಲ್ಲುಗಳಲ್ಲಿ ಹಾಗಲ್ಲ. ಪಿಸ್ಟನ್ನು, ಗೇರು, ಕ್ಲಚ್ಚು ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಪಿಸ್ಟನ್ನಿನ ಬಳಿ ಎಣ್ಣೆ ಉರಿಯನ್ನು ಸಹಿಸಬೇಕು. ಗೇರಿನ ಹಲ್ಲುಗಳ ನಡುವೆ ಅರೆಯಲ್ಪಟ್ಟರೂ ತನ್ನ ದಪ್ಪವನ್ನು ಉಳಿಸಿಕೊಳ್ಳಬೇಕು. ಕ್ಲಚ್ಚಿನ ಫಲಕಗಳ ನಡುವೆ ಮಾತ್ರ ಅದು ಅತಿಯಾಗಿ ಜಾರಬಾರದು. ಜಾರಿಸುವುದಕ್ಕೇ ಹುಟ್ಟಿದ ವಸ್ತುವಿಗೆ ಒಂದು ಕಡೆ ಜಾರಬೇಡವೆಂದು ಹೇಳಿದಂತಾಯಿತು. ಈ ವಿರೋಧವನ್ನು ಬಲ್ಲವರಿಗೆ ಮೋಟಾರು ಸೈಕಲ್ಲಿನ ಎಣ್ಣೆಯ ವಿದ್ಯೆಯ ಅರ್ಧ ತಿಳಿದಂತೆಯೇ.

ಅಂಗಡಿಯವರು ಕೊಟ್ಟ ಕಾರಿನ ಎಣ್ಣೆ ಏಕೆ ಸಲ್ಲದು ಎಂಬುದಕ್ಕೂ ಇದೇ ಉತ್ತರ. ಪೆಟ್ರೋಲು ಉಳಿಸಬೇಕೆಂಬ ಉದ್ದೇಶದಿಂದ ಕಾರಿನ ತೆಳು ಎಣ್ಣೆಗಳಲ್ಲಿ ಘರ್ಷಣೆಯನ್ನು ತಗ್ಗಿಸುವ ಪದಾರ್ಥಗಳನ್ನು ಬೆರೆಸುತ್ತಾರೆ. ಕಾರಿಗೆ ಅದು ಒಳ್ಳೆಯದೇ. ಬೈಕಿನ ಕ್ಲಚ್ಚಿನ ಮೇಲೆ ಅದೇ ಪದಾರ್ಥ ಕುಳಿತರೆ ಫಲಕಗಳು ಒಂದನ್ನೊಂದು ಹಿಡಿಯಲಾರವು. ಇದಲ್ಲದೆ, ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರು ಕೆಡಬಾರದೆಂದು 2004ರ ಎಪಿಐ ಎಸ್‌ಎಂ ದರ್ಜೆಯಿಂದೀಚೆಗೆ ತೆಳು ಎಣ್ಣೆಗಳಲ್ಲಿ ರಂಜಕದ ಪ್ರಮಾಣವನ್ನು ಇಳಿಸಲಾಗಿದೆ. ಲೋಹವನ್ನು ಸವೆತದಿಂದ ಕಾಪಾಡುವ ಸತುವು-ರಂಜಕದ ಸಂಯುಕ್ತವೂ ಅದರೊಡನೆ ಇಳಿಯಿತು. ಡಬ್ಬಿಯ ಮೇಲೆ ವೃತ್ತಾಕಾರದ ಗುರುತಿನ ಕೆಳಗಡೆ ‘ಎನರ್ಜಿ ಕನ್ಸರ್ವಿಂಗ್’ ಅಥವಾ ‘ರಿಸೋರ್ಸ್ ಕನ್ಸರ್ವಿಂಗ್’ ಎಂಬ ಮಾತಿದ್ದರೆ ಅದು ತಮ್ಮ ಬೈಕಿಗಲ್ಲ ಎಂದು ತಿಳಿಯಿರಿ.

ಬೈಕಿಗೆ ತಕ್ಕದ್ದನ್ನು ಗುರುತಿಸಲು ಜಪಾನಿನವರು 1998ರಲ್ಲಿ ಒಂದು ಮಾನಕವನ್ನು ಜಾರಿಗೆ ತಂದರು. ಅದರ ಹೆಸರು ಜಾಸೋ. ಕ್ಲಚ್ಚಿನ ಫಲಕಗಳನ್ನು ಎಣ್ಣೆಯಲ್ಲಿಟ್ಟು ಯಂತ್ರದಲ್ಲಿ ತಿರುಗಿಸಿ, ಹಿಡಿತ ಎಷ್ಟಿದೆ ಎಂದು ಅಳೆಯುವುದೇ ಅದರ ಪರೀಕ್ಷೆ. ಹಿಡಿತ ಚೆನ್ನಾಗಿದ್ದರೆ ‘ಎಂಎ’, ಕಡಮೆಯಿದ್ದರೆ ‘ಎಂಬಿ’. 2006ರಲ್ಲಿ ಎಂಎ ದರ್ಜೆಯನ್ನೇ ಎಂಎ1, ಎಂಎ2 ಎಂದು ವಿಂಗಡಿಸಿದರು. ಇವುಗಳಲ್ಲಿ ಎಂಎ2ರ ಹಿಡಿತ ಹೆಚ್ಚು. ನಮ್ಮ ಮನೆಗಳ ಗೇರಿಲ್ಲದ ಸ್ಕೂಟರುಗಳಲ್ಲಿ ಕ್ಲಚ್ಚು ಎಂಜಿನ್ನಿನ ಎಣ್ಣೆಯಿಂದ ಹೊರಗಿರುತ್ತದೆ. ಆದಕಾರಣ ಅವುಗಳಿಗೆ ಎಂಬಿ ಎಣ್ಣೆ ಸಲ್ಲುತ್ತದೆ. ಸೊಸೆಯ ಸ್ಕೂಟರಿಗೆ ತಂದ ಡಬ್ಬಿಯಲ್ಲಿ ಉಳಿದುದನ್ನು ಮಗನ ಬೈಕಿಗೆ ಸುರಿಯುವುದು ಉಳಿತಾಯವಲ್ಲ. ಎರಡು ಡಬ್ಬಿಗಳ ಬಣ್ಣ, ಅಳತೆ ಒಂದೇ ಆಗಿರಬಹುದು. ಹಿಂಬದಿಯ ಸಣ್ಣ ಅಕ್ಷರವನ್ನು ಕನ್ನಡಕ ಹಾಕಿಕೊಂಡಾದರೂ ಓದತಕ್ಕದ್ದು.

ಇನ್ನು ಟ್ರ್ಯಾಕ್ಟರಿನ ಎಣ್ಣೆಯ ಮಾತು. ಮಿಸ್ತ್ರಿಯ ಸಲಹೆಯನ್ನು ನಾವು ಪೂರ್ತಿಯಾಗಿ ತಳ್ಳಿಹಾಕುವುದಿಲ್ಲ. ಡೀಸೆಲ್ ಎಂಜಿನ್ನಿನ 15ಡಬ್ಲ್ಯು-40 ಎಣ್ಣೆಯಲ್ಲಿ ಘರ್ಷಣೆ ತಗ್ಗಿಸುವ ಪದಾರ್ಥ ಸಾಮಾನ್ಯವಾಗಿ ಇರುವುದಿಲ್ಲ. ಅಂತಹ ಕೆಲವು ಎಣ್ಣೆಗಳ ಡಬ್ಬಿಯ ಮೇಲೆ ಜಾಸೋ ಎಂಎ ಗುರುತೂ ಇರುತ್ತದೆ. ಆ ಗುರುತಿದ್ದು, ಬೈಕಿನ ಕೈಪಿಡಿಯೂ ಅದೇ ದಪ್ಪವನ್ನು ಒಪ್ಪುವುದಾದರೆ ಹಾಕಿದರೆ ದೋಷವಿಲ್ಲ. ಗುರುತಿಲ್ಲದಿದ್ದರೆ ಹಾಕಬಾರದು. ಆದರೆ ಟ್ರ್ಯಾಕ್ಟರಿನ ಮನೆಯಲ್ಲಿ ಇನ್ನೊಂದು ಡಬ್ಬಿಯೂ ಇರುತ್ತದೆ. ಗೇರಿಗೂ ಹೈಡ್ರಾಲಿಕ್ಕಿಗೂ ನೀರಿನಲ್ಲದ್ದಿದಂತೆ ಎಣ್ಣೆಯಲ್ಲಿ ಮುಳುಗಿರುವ ಬ್ರೇಕಿಗೂ ಒಟ್ಟಾಗಿ ಹಾಕುವ ಎಣ್ಣೆ ಅದು. ಅದು ಬೈಕಿನ ಎಂಜಿನ್ನಿನ ಹತ್ತಿರವೂ ಸುಳಿಯಕೂಡದು. ಮತ್ತೊಂದು ಮಾತು: ಮೂಲೆಯಲ್ಲಿ ಬಾಯಿ ತೆರೆದು ಕುಳಿತ ದೊಡ್ಡ ಡಬ್ಬಿ, ಅದರ ಮೇಲೆ ಧೂಳು ಹಿಡಿದ ಆಲಿಕೆ. ಬೈಕಿಗೆ ಬೇಕಾಗುವುದು ಒಂದು ಲೀಟರಿನ ಆಸುಪಾಸು. ಅಷ್ಟರ ಉಳಿತಾಯಕ್ಕಾಗಿ ಕಣದ ಧೂಳನ್ನು ಬೇರಿಂಗಿಗೆ ಕಳಿಸುವುದು ನಮಗೆ ಸರಿಯೆನಿಸುವುದಿಲ್ಲ.

ಡಬ್ಬಿಯ ಮೇಲಿನ ಅಂಕಿಗಳು ಬಹಳ ಮಂದಿಯನ್ನು ದಾರಿ ತಪ್ಪಿಸುತ್ತವೆ. 15ಡಬ್ಲ್ಯು-50 ಎಂಬಲ್ಲಿ ಡಬ್ಲ್ಯು ಎಂದರೆ ‘ವಿಂಟರ್’, ಚಳಿಗಾಲ. ಮೊದಲಿನ ಅಂಕಿ ಕೊರೆಯುವ ಚಳಿಯಲ್ಲಿ ಎಣ್ಣೆ ಹೇಗೆ ಹರಿಯುತ್ತದೆಂಬುದನ್ನು ತಿಳಿಸುತ್ತದೆ. 15ಡಬ್ಲ್ಯು ಎಣ್ಣೆಯ ಪರೀಕ್ಷೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ, 10ಡಬ್ಲ್ಯು ಎಣ್ಣೆಯದು 25 ಡಿಗ್ರಿ ಕೆಳಗೆ ನಡೆಯುತ್ತದೆ. ನಮ್ಮ ಬೀದರ, ವಿಜಯಪುರಗಳ ಮಾಗಿಯ ಚಳಿ ಅದರ ಸಮೀಪಕ್ಕೂ ಬರುವುದಿಲ್ಲ. ಲಡಾಖಿಗೋ ಸ್ಪಿತಿಗೋ ಹೊರಟ ತರುಣರು ಮಾತ್ರ ಆ ಅಂಕಿಯನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ನಮಗೆ ಮುಖ್ಯವಾದದ್ದು ಎರಡನೆಯ ಅಂಕಿ. ನೂರು ಡಿಗ್ರಿ ಬಿಸಿಯಲ್ಲಿ ಎಣ್ಣೆ ಎಷ್ಟು ದಪ್ಪವಾಗಿ ಉಳಿಯುತ್ತದೆಂಬುದನ್ನು ಅದು ಹೇಳುತ್ತದೆ. ಹೊಲದ ದಾರಿಯಲ್ಲಿ ಬೈಕು ಮೊದಲ ಎರಡು ಗೇರುಗಳಲ್ಲೇ ತೆವಳುತ್ತದೆ. ಎಂಜಿನ್ನು ಬೇಗ ತಿರುಗುತ್ತದೆ, ಮೈಗೆ ಗಾಳಿ ಸೋಕುವುದಿಲ್ಲ, ಕ್ಲಚ್ಚನ್ನು ಅರ್ಧ ಹಿಡಿದೇ ಓಡಿಸಬೇಕಾಗುತ್ತದೆ. ಡಾಂಬರು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವ ಗಾಡಿಗಿಂತ ಇದರ ಎಣ್ಣೆ ಹೆಚ್ಚು ಕಾಯುತ್ತದೆ.

ಹಾಗೆಂದು ‘ದಪ್ಪವಾದಷ್ಟೂ ಒಳ್ಳೆಯದು’ ಎಂದು ತಿಳಿಯಬಾರದು. ರಾಯಲ್ ಎನ್‌ಫೀಲ್ಡಿನವರು 2016ರಲ್ಲಿ ತಂದ 411 ಸಿಸಿಯ ಹಿಮಾಲಯನ್ ಬೈಕಿಗೆ 15ಡಬ್ಲ್ಯು-50 ಎಣ್ಣೆಯನ್ನು ವಿಧಿಸಿದರು. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200 ಬೈಕಿಗೆ ವಿಧಿಸಿದ್ದು 10ಡಬ್ಲ್ಯು-30. ಎರಡೂ ಕಲ್ಲುಮಣ್ಣಿನ ದಾರಿಗೆಂದೇ ರೂಪಿಸಿದ ಬೈಕುಗಳೇ. ಆದರೂ ಒಂದರ ಎಣ್ಣೆ ಇನ್ನೊಂದಕ್ಕೆ ಹೊಂದುವುದಿಲ್ಲ. ಬೇರಿಂಗಿನ ಸಂದು, ಪಂಪಿನ ಬಲ, ತಂಪು ಮಾಡುವ ಬಗೆ ಇವುಗಳನ್ನೆಲ್ಲ ನೋಡಿ ತಯಾರಕರು ನಿಶ್ಚಯಿಸಿದ ಅಂಕಿ ಅದು. ಗೆಳೆಯನ ಬೈಕಿಗೆ ಹಾಕಿದ್ದನ್ನೇ ತನ್ನ ಬೈಕಿಗೂ ಹಾಕುವ ಹುಡುಗರಿಗೆ ಈ ಮಾತನ್ನು ತಿಳಿಹೇಳಬೇಕು.

ಸಿಂಥೆಟಿಕ್ ಹಾಕಿದರೆ ಕ್ಲಚ್ಚು ಜಾರುತ್ತದೆಂಬ ನಂಬಿಕೆಯೂ ಊರೂರಲ್ಲಿದೆ. ಅದು ನಿಜವಲ್ಲ. ಜಾರಿಸುವುದು ಬೆರಕೆಯ ಪದಾರ್ಥವೇ ಹೊರತು ಮೂಲ ಎಣ್ಣೆಯಲ್ಲ. ಜಾಸೋ ಎಂಎ2 ಗುರುತಿನ ಸಿಂಥೆಟಿಕ್ ಎಣ್ಣೆಗಳು ಬೇಕಾದಷ್ಟಿವೆ. ಅದರ ನಿಜವಾದ ಲಾಭ ಬೇರೆ. ತೆಳು ಎಣ್ಣೆ ಬಿಸಿಯಲ್ಲಿ ದಪ್ಪವಾಗಿ ಉಳಿಯಲೆಂದು ಅದಕ್ಕೆ ಪಾಲಿಮರಿನ ಉದ್ದನೆಯ ಎಳೆಗಳನ್ನು ಬೆರೆಸುತ್ತಾರೆ. ಶ್ಯಾವಿಗೆಯನ್ನು ಒರಳಿಗೆ ಹಾಕಿ ಕುಟ್ಟಿದಂತೆ ಗೇರಿನ ಹಲ್ಲುಗಳು ಆ ಎಳೆಗಳನ್ನು ತುಂಡರಿಸುತ್ತವೆ. 50 ಎಂದು ಹಾಕಿದ ಎಣ್ಣೆ ಕೆಲವು ನೂರು ಕಿಲೋಮೀಟರುಗಳ ಬಳಿಕ 40ರಂತೆ ವರ್ತಿಸತೊಡಗುವುದುಂಟು. ಒಳ್ಳೆಯ ಸಿಂಥೆಟಿಕ್ಕಿಗೆ ಇಂತಹ ಎಳೆಗಳು ಕಡಮೆ ಸಾಕು. ಅದು ಉರಿಯನ್ನೂ ಹೆಚ್ಚು ತಾಳುತ್ತದೆ. ಆದರೂ ನಮ್ಮ ಅಭಿಪ್ರಾಯವನ್ನು ಕೇಳಿದರೆ, ಕೆಸರಿನಲ್ಲಿ ಓಡುವ ಗಾಡಿಗೆ ಬೆಲೆಯ ಎಣ್ಣೆಯನ್ನು ವರ್ಷಕ್ಕೊಮ್ಮೆ ಹಾಕುವುದಕ್ಕಿಂತ ಕೈಪಿಡಿ ಒಪ್ಪುವ ಸಾಮಾನ್ಯ ಎಣ್ಣೆಯನ್ನು ಮೇಲಿಂದ ಮೇಲೆ ಬದಲಿಸುವುದೇ ಲೇಸು. ಧೂಳು, ನೀರು, ಪೆಟ್ರೋಲಿನ ಪಸೆ ಇವುಗಳಿಗೆ ಬೆಲೆಯ ಭೇದ ತಿಳಿಯದು.

ಎಷ್ಟು ದಿನಕ್ಕೆ ಬದಲಿಸಬೇಕು? ಸ್ಪರ್ಧೆಯ ಬೈಕುಗಳಲ್ಲಿ ಕಿಲೋಮೀಟರನ್ನು ಎಣಿಸುವುದೇ ಇಲ್ಲ. ಎಂಜಿನ್ನು ಓಡಿದ ಗಂಟೆಗಳನ್ನು ಎಣಿಸುತ್ತಾರೆ. ಹತ್ತು ಹದಿನೈದು ಗಂಟೆಗಳಿಗೊಮ್ಮೆ ಎಣ್ಣೆ ಬದಲಿಸುವವರುಂಟು. ನಮ್ಮ ಬೈಕುಗಳಿಗೆ ಅಷ್ಟು ಬೇಡ. ಆದರೆ ಮೀಟರಿನಲ್ಲಿ ಕಿಲೋಮೀಟರು ಕಡಮೆ ಇದೆಯೆಂದು ನೆಮ್ಮದಿ ತಾಳಬಾರದು. ಕೆಸರಿನಲ್ಲಿ ಒಂದು ಗಂಟೆ ಹೆಣಗಿದರೂ ಮೀಟರು ಓಡುವುದು ಹತ್ತೇ ಕಿಲೋಮೀಟರು. ಕಠಿಣ ಬಳಕೆಗೆ ಬೇಗ ಬದಲಿಸಿರೆಂದು ಕೈಪಿಡಿಯಲ್ಲಿ ಬರೆದಿದ್ದರೆ ಅದನ್ನು ಹೊಲದ ಬೈಕಿಗೆ ಅನ್ವಯಿಸಿಕೊಳ್ಳಿ. ಹಳ್ಳ ದಾಟುವಾಗ ಎಂಜಿನ್ನಿನೊಳಗೆ ನೀರು ಸೇರಿದರೆ ಎಣ್ಣೆ ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಕಂಡ ಮೇಲೆ ಒಂದು ಮೈಲಿಯೂ ಓಡಿಸಬಾರದು. ಎಣ್ಣೆ ಇಳಿಸಿ, ಹೊಸದು ಹಾಕಿ, ಸ್ವಲ್ಪ ಹೊತ್ತು ಎಂಜಿನ್ನನ್ನು ತಿರುಗಿಸಿ, ಅದನ್ನೂ ಇಳಿಸಿ ಮತ್ತೆ ಹೊಸದು ಹಾಕಬೇಕು. ಗಾಳಿ ಸೋಸುವ ಫಿಲ್ಟರಿನ ಅಂಚಿನಲ್ಲಿ ಬಿರುಕಿದ್ದರೆ ಎಂತಹ ಎಣ್ಣೆಯೂ ಬೋರನ್ನು ಕಾಯಲಾರದು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ.

ಗೇರು ಪೆಟ್ಟಿಗೆಗೆ ಬೇರೆಯೇ ಎಣ್ಣೆ ಬೇಡುವ ಮೋಟಾರು ಸೈಕಲ್ಲುಗಳೂ ಇವೆ. ನಮ್ಮ ಹಿರಿಯ ಓದುಗರು ಇದನ್ನು ಚೆನ್ನಾಗಿ ಬಲ್ಲರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳು ಎರಡು ಸ್ಟ್ರೋಕಿನವು. ಆ ಬಗೆಯ ಎಂಜಿನ್ನಿನಲ್ಲಿ ಪಿಸ್ಟನ್ನು, ಬೇರಿಂಗುಗಳಿಗೆ ಎಣ್ಣೆ ಪೆಟ್ರೋಲಿನೊಡನೆ ಬೆರೆತು ಬರುತ್ತದೆ, ಉರಿದು ಹೊಗೆಯಾಗಿ ಹೋಗುತ್ತದೆ. ಕ್ಲಚ್ಚಿಗೂ ಗೇರಿಗೂ ಪ್ರತ್ಯೇಕ ಎಣ್ಣೆ. ಜಾವಾದ ತವರಾದ ಚೆಕೊಸ್ಲೊವಾಕಿಯಾದಲ್ಲಿ ಮಣ್ಣಿನ ಪಂದ್ಯದ ಬೈಕುಗಳ ಪರಂಪರೆಯೇ ಇತ್ತು. ಅಲ್ಲಿನ ಸಿಝೆಡ್ ಬೈಕನ್ನೇರಿ ಬೆಲ್ಜಿಯಂನ ಜೋಎಲ್ ರೋಬೆರ್ 1964ರಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವಪಟ್ಟವನ್ನು ಗೆದ್ದನು. ಇಂದಿಗೂ ಎರಡು ಸ್ಟ್ರೋಕಿನ ಎಂಡ್ಯೂರೋ ಬೈಕುಗಳಲ್ಲಿ ಈ ಪ್ರತ್ಯೇಕ ವ್ಯವಸ್ಥೆಯೇ ಇದೆ. ನಾಲ್ಕು ಸ್ಟ್ರೋಕಿನಲ್ಲಿಯೂ ಹೋಂಡಾದವರು 2002ರ ಸಿಆರ್‌ಎಫ್ 450 ಆರ್ ಪಂದ್ಯದ ಬೈಕಿನಲ್ಲಿ ಎಂಜಿನ್ನಿಗೊಂದು, ಗೇರು-ಕ್ಲಚ್ಚುಗಳಿಗೊಂದು ಎಂದು ಎರಡು ಎಣ್ಣೆಗಳನ್ನು ಬೇರ್ಪಡಿಸಿದ್ದರು. ಕ್ಲಚ್ಚಿನ ಫಲಕ ಸವೆದ ಪುಡಿ ಪಿಸ್ಟನ್ನಿನ ಕಡೆಗೆ ಹೋಗದಿರಲೆಂಬ ಯೋಚನೆ ಅದು. ಕೆಸರಿನ ಬೈಕಿಗೆ ಒಪ್ಪುವ ಯೋಚನೆಯೇ ಸರಿ.

ಈ ಪ್ರತ್ಯೇಕ ಪೆಟ್ಟಿಗೆಗೆ ‘ಗೇರು ತಾನೆ, ಗೇರಾಯಿಲ್ 90 ಹಾಕು’ ಎನ್ನುವವರು ಹೆಚ್ಚು. ಇಲ್ಲಿ ಎರಡು ತಪ್ಪುಗಳು ಒಟ್ಟಿಗೆ ನಡೆಯುತ್ತವೆ. ಗೇರೆಣ್ಣೆಯ ಅಂಕಿಗಳ ಅಳತೆಗೋಲೇ ಬೇರೆ. ಗೇರೆಣ್ಣೆಯ 90 ದಪ್ಪದಲ್ಲಿ ಎಂಜಿನ್ ಎಣ್ಣೆಯ 40, 50ಕ್ಕೆ ಸರಿಸುಮಾರು ಸಮ. ಸೇರಿನ ಅಳತೆಯನ್ನು ಕಿಲೋವಿನದೆಂದು ಭಾವಿಸಿದಂತೆ, ಅಂಕಿ ದೊಡ್ಡದೆಂದು ಎಣ್ಣೆಯೂ ದಪ್ಪವೆಂದು ತಿಳಿಯುವುದು ಮೊದಲನೆಯ ತಪ್ಪು. ಎರಡನೆಯದು ಅದಕ್ಕಿಂತ ಕೆಟ್ಟದ್ದು. ಲಾರಿಯ ಹಿಂದಿನ ಆಕ್ಸಲಿಗೆ ಹಾಕುವ ಜಿಎಲ್-5 ದರ್ಜೆಯ ಎಣ್ಣೆಯಲ್ಲಿ ಗಂಧಕ, ರಂಜಕಗಳ ಪ್ರಮಾಣ ಹೆಚ್ಚು. ಉಕ್ಕಿನ ಹಲ್ಲಿಗೆ ಅದು ಕವಚ. ಹಿತ್ತಾಳೆ, ಕಂಚಿನ ಬುಷ್ಷುಗಳನ್ನು ಕೆಲವೊಮ್ಮೆ ತಿನ್ನುತ್ತದೆ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗಂತೂ ಅದನ್ನು ಮಾಡಿದ್ದೇ ಅಲ್ಲ. ಕೆಟಿಎಂ 300 ಇಎಕ್ಸ್‌ಸಿಯಂತಹ ಎರಡು ಸ್ಟ್ರೋಕಿನ ಬೈಕಿನ ಗೇರು ಪೆಟ್ಟಿಗೆಗೆ ತಯಾರಕರು ಹೇಳಿರುವುದು 15ಡಬ್ಲ್ಯು-50 ಎಂಜಿನ್ ಎಣ್ಣೆಯನ್ನೇ. ಇದನ್ನು ಕೇಳಿ ಆಶ್ಚರ್ಯಪಡುವ ಮಿಸ್ತ್ರಿಗಳನ್ನು ನಾವು ಕಂಡಿದ್ದೇವೆ.

ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಲೆಕ್ಕವನ್ನೂ ಮನೆಯ ಹೆಣ್ಣುಮಕ್ಕಳು ಗಂಡಸರಿಗಿಂತ ಚೆನ್ನಾಗಿ ಹಿಡಿಯಬಲ್ಲರು. ಉಪ್ಪಿನಕಾಯಿಯ ಅಳತೆಯಂತೆಯೇ ಅದು. 1:50 ಎಂದರೆ ಲೀಟರಿಗೆ 20 ಮಿಲಿ, 1:25 ಎಂದರೆ 40 ಮಿಲಿ. ಕಣ್ಣಳತೆ ಕೂಡದು. ಹಿಂದೆ ಪಂದ್ಯದ ಗಾಡಿಗಳಿಗೆ ನಮ್ಮ ಔಡಲೆಣ್ಣೆಯನ್ನೇ ಬೆರೆಸುತ್ತಿದ್ದರೆಂದರೆ ಕೆಲವರಿಗೆ ನಂಬಿಕೆಯಾಗದು. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿಯವರು ತಮ್ಮ ಎಣ್ಣೆಗೆ ‘ಕ್ಯಾಸ್ಟ್ರಾಲ್’ ಎಂದು ಹೆಸರಿಟ್ಟದ್ದು ಔಡಲೆಣ್ಣೆಯ ಇಂಗ್ಲಿಷ್ ಹೆಸರಾದ ‘ಕ್ಯಾಸ್ಟರ್’ನಿಂದಲೇ. ಬಿಸಿಯಲ್ಲಿ ಲೋಹವನ್ನು ಬಿಡದೆ ಹಿಡಿಯುವ ಗುಣ ಅದಕ್ಕಿದೆ. ಆದರೆ ಅದು ಅಂಟಾಗಿ ಕೂರುತ್ತದೆ, ಪಸೆಯನ್ನು ಹೀರುತ್ತದೆ, ಖನಿಜ ಎಣ್ಣೆಯೊಡನೆ ಹೊಂದುವುದಿಲ್ಲ. ಅಡುಗೆಮನೆಯ ಶೀಸೆಯಿಂದ ಬೈಕಿಗೆ ಸುರಿಯುವ ಪ್ರಯೋಗಕ್ಕೆ ಯಾರೂ ಇಳಿಯಬಾರದೆಂದು ವಿನಂತಿ.

ಪತ್ರ ಬರೆದ ಹಿರಿಯರಿಗೆ ನಮ್ಮ ಉತ್ತರ ಇಷ್ಟು. ಏರಿನಲ್ಲಿ ಎಂಜಿನ್ನು ಅರಚಿ ಗಾಡಿ ಏರದಿರುವುದು ಕ್ಲಚ್ಚು ಜಾರುವ ಲಕ್ಷಣ. ಮೊದಲು ಕ್ಲಚ್ಚಿನ ಹಿಡಿಕೆಯ ತುದಿಯಲ್ಲಿ ಸ್ವಲ್ಪ ಸಡಿಲಿದೆಯೇ ನೋಡಿಸಿ. ಕೇಬಲ್ಲು ಬಿಗಿಯಾಗಿದ್ದರೆ ಎಣ್ಣೆಯ ತಪ್ಪಿಲ್ಲದೆಯೇ ಕ್ಲಚ್ಚು ಜಾರುತ್ತದೆ. ಅದು ಸರಿಯಿದ್ದರೆ ಅಂಗಡಿಯವರು ಕೊಟ್ಟ ಕಾರಿನ ಎಣ್ಣೆಯನ್ನು ಎಂಜಿನ್ನು ಬಿಸಿಯಿರುವಾಗಲೇ ಇಳಿಸಿ, ಫಿಲ್ಟರು ಬದಲಿಸಿ, ಕೈಪಿಡಿಯ ಅಂಕಿಯ ಜಾಸೋ ಎಂಎ ಅಥವಾ ಎಂಎ2 ಎಣ್ಣೆಯನ್ನು ಹಾಕಿಸಿ. ಕೆಲವು ದಿನ ಓಡಿಸಿ ಇನ್ನೊಮ್ಮೆ ಬದಲಿಸಿದರೆ ಫಲಕಗಳು ಮತ್ತೆ ಹಿಡಿಯುವ ಸಂಭವವುಂಟು. ಹಿಡಿಯದಿದ್ದರೆ ಫಲಕಗಳು ಸುಟ್ಟಿವೆಯೆಂದೇ ಅರ್ಥ. ಅವನ್ನು ಬದಲಿಸದೆ ಮಗನನ್ನು ಘಟ್ಟಕ್ಕೆ ಕಳಿಸಬೇಡಿ. ಎಣ್ಣೆ ಇಳಿಸುವ ಬೋಲ್ಟಿನ ವಾಷರನ್ನು ಹೊಸದು ಹಾಕಿಸಿ. ಬೋಲ್ಟನ್ನು ಬಲವೆಲ್ಲ ಬಿಟ್ಟು ಬಿಗಿದರೆ ಅಲ್ಯೂಮಿನಿಯಂ ಮರೆ ಕಿತ್ತುಬರುತ್ತದೆ. ಗಾಡಿಯನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ ಮಟ್ಟ ನೋಡತಕ್ಕದ್ದು; ಗೆರೆ ಮೀರಿ ತುಂಬಿದರೂ ಎಣ್ಣೆ ನೊರೆಯೆದ್ದು ಕೇಡೇ ಆಗುತ್ತದೆ. ರಸೀದಿಯನ್ನು ತೆಗೆದಿಡಿ, ವಾರಂಟಿಯ ಮಾತು ಬಂದಾಗ ಬೇಕಾಗುತ್ತದೆ.

ಇಳಿಸಿದ ಕರಿಎಣ್ಣೆಯ ವಿಷಯ ಉಳಿಯಿತು. ದನಗಳ ಕಜ್ಜಿಗೆ, ಗಾಯಕ್ಕೆ ಅದನ್ನು ಸವರುವ ರೂಢಿ ಹಲವು ಊರುಗಳಲ್ಲಿದೆ. ಸವೆದ ಲೋಹವೂ ಕ್ಯಾನ್ಸರ್ ತರಬಲ್ಲ ಪದಾರ್ಥಗಳೂ ಅದರಲ್ಲಿರುತ್ತವೆ. ಮೂಕಪ್ರಾಣಿ ಅದನ್ನು ನೆಕ್ಕುತ್ತದೆ. ಹಿತ್ತಲಿಗಾಗಲಿ ಬಾವಿಯ ಬದಿಗಾಗಲಿ ಚೆಲ್ಲಲೂ ಬಾರದು. ಬರಿಗೈಯಲ್ಲಿ ಮುಟ್ಟದೆ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಬಳಸಿದ ಎಣ್ಣೆಯನ್ನು ಸಂಗ್ರಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು. ಹೊಸ ಎಣ್ಣೆಯ ಖಾಲಿ ಡಬ್ಬಿಯನ್ನು ಇದ್ದ ಹಾಗೆಯೇ ಗುಜರಿಯವನಿಗೆ ಕೊಟ್ಟರೆ ಅದೇ ಡಬ್ಬಿ ಕಲಬೆರಕೆ ತುಂಬಿಕೊಂಡು ಮತ್ತೆ ಅಂಗಡಿಗೆ ಬರುವುದುಂಟು. ಕೊಡುವ ಮುನ್ನ ಮೊಳೆಯಿಂದ ನಾಲ್ಕು ತೂತು ಹೊಡೆದು, ಚೀಟಿಯನ್ನು ಹರಿದು ಕೊಡಿ.